ಕಾರೋ? ರೈಲೋ?

ಮಕ್ಕಳೇ, ಪ್ರವಾಸವೆಂದರೆ ನಿಮಗೆಲ್ಲ ಬಹಳ ಇಷ್ಟ. ಒಂದೇ ಊರಿಗೆ ಹೋಗಿ ಬರುವುದಾದರೆ ಹೆಚ್ಚು ಯೋಚಿಸಬೇಕಾಗಿಲ್ಲ. ಆದರೆ ನಾಲ್ಕೈದು ಊರುಗಳನ್ನು ಒಂದಾದ ಮೇಲೊಂದರಂತೆ ನೋಡುತ್ತ ಹೋಗಬೇಕಾದರೆ ಮೊದಲೇ ಕುಳಿತು ಲೆಕ್ಕ ಹಾಕಬೇಕು. ಯಾವ ವಾಹನದಲ್ಲಿ ಹೋಗಬೇಕು? ಎಷ್ಟು ಹೊತ್ತು ಬೇಕು? ಎಷ್ಟು ಹಣ ಬೇಕು? ಯಾರಿಗೆ ಹೆಚ್ಚು ದಣಿವಾಗುತ್ತದೆ? ಈ ಪಾಠದಲ್ಲಿ ಯುರೋಪ ಖಂಡದ ಒಂದು ಪ್ರವಾಸವನ್ನು ತೆಗೆದುಕೊಂಡು ಈ ಪ್ರಶ್ನೆಗಳಿಗೆ ಉತ್ತರ ಹುಡುಕೋಣ. ನಿರ್ಧಾರ ಮಾಡುವವರು ಮಾತ್ರ ನೀವೇ.

ಒಂದು ಕುಟುಂಬವನ್ನು ಊಹಿಸಿಕೊಳ್ಳಿರಿ. ಮನೆಯಲ್ಲಿ ಐದು ಜನ: ತಂದೆ, ತಾಯಿ, ಅಜ್ಜಿ, ಹತ್ತು ವರ್ಷದ ಅಣ್ಣ, ಏಳು ವರ್ಷದ ತಂಗಿ. ಅವರು ಹಲವು ವರ್ಷ ಹಣ ಕೂಡಿಟ್ಟು ಈ ಪ್ರವಾಸಕ್ಕೆ ಹೊರಟಿದ್ದಾರೆ. ಇಂಥ ಪ್ರವಾಸ ಮತ್ತೆ ಮತ್ತೆ ಆಗುವುದಿಲ್ಲ. ಅವರ ಕೈಯಲ್ಲಿರುವುದು ಹನ್ನೆರಡು ದಿನ. ಅಜ್ಜಿಗೆ ಮೊಣಕಾಲು ನೋವು. ಅವರು ನಿಧಾನವಾಗಿ ನಡೆಯಬಲ್ಲರು, ಆದರೆ ಹೆಚ್ಚು ಮೆಟ್ಟಿಲು ಹತ್ತಲಾರರು. ಹಿಮದ ಬೆಟ್ಟವನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹುದಿನದ ಆಸೆ. ಕಾರು ನಡೆಸಲು ಬರುವುದು ತಂದೆಗೆ ಮಾತ್ರ.

ಈಗ ಯುರೋಪಿನ ನಕಾಶೆಯನ್ನು ತೆರೆಯಿರಿ. ಫ್ರಾನ್ಸ್ ದೇಶದ ರಾಜಧಾನಿ ಪ್ಯಾರಿಸ್ ಮೇಲೆ ಬೆರಳಿಡಿರಿ. ಅಲ್ಲಿಂದ ಪೂರ್ವಕ್ಕೆ ಸರಿಯಿರಿ. ಜರ್ಮನಿಯ ಗಡಿಯ ಹತ್ತಿರ, ರೈನ್ ನದಿಯ ಬದಿಗೆ ಸ್ಟ್ರಾಸ್‌ಬರ್ಗ್ ಸಿಗುತ್ತದೆ. ಇದೂ ಫ್ರಾನ್ಸಿನ ಊರು. ಅಲ್ಲಿಂದ ದಕ್ಷಿಣಕ್ಕೆ ಬಂದರೆ ಸ್ವಿಟ್ಜರ್ಲೆಂಡ್. ಅದರ ನಡುವೆ ಸರೋವರದ ದಂಡೆಯಲ್ಲಿ ಲೂಸರ್ನ್ ಎಂಬ ಊರಿದೆ. ಇನ್ನೂ ದಕ್ಷಿಣಕ್ಕೆ ಆಲ್ಪ್ಸ್ ಪರ್ವತ ದಾಟಿದರೆ ಇಟಲಿಯ ಮಿಲಾನ್. ಅಲ್ಲಿಂದ ಪೂರ್ವಕ್ಕೆ, ಸಮುದ್ರದ ಅಂಚಿನಲ್ಲಿ ವೆನಿಸ್. ಐದು ಊರು, ಮೂರು ದೇಶ. ನಮ್ಮ ಕುಟುಂಬವು ಪ್ಯಾರಿಸ್, ಸ್ಟ್ರಾಸ್‌ಬರ್ಗ್ ಮತ್ತು ಲೂಸರ್ನಿನಲ್ಲಿ ಮೂರು ಮೂರು ದಿನ, ಮಿಲಾನಿನಲ್ಲಿ ಒಂದು ದಿನ, ವೆನಿಸಿನಲ್ಲಿ ಎರಡು ದಿನ ಇರುತ್ತದೆ.

ಮೂರು ದೇಶಗಳ ಗಡಿ ದಾಟುವುದು ಕಷ್ಟವೇ? ಇಲ್ಲ. 1985ರಲ್ಲಿ ಯುರೋಪಿನ ಕೆಲವು ದೇಶಗಳು ಶೆಂಗೆನ್ ಎಂಬ ಹಳ್ಳಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡವು. ಈ ಒಪ್ಪಂದದಲ್ಲಿ ಸೇರಿದ ದೇಶಗಳ ನಡುವೆ ಸಾಮಾನ್ಯವಾಗಿ ಗಡಿ ತಪಾಸಣೆ ಇರುವುದಿಲ್ಲ. ನಮ್ಮ ದೇಶದ ಪ್ರವಾಸಿಗರು ಒಂದೇ ವೀಸಾ ಪಡೆದು ಈ ಮೂರೂ ದೇಶಗಳಿಗೆ ಹೋಗಬಹುದು. ಆದ್ದರಿಂದ ಕಾರಿನಲ್ಲಿ ಹೋದರೂ ಸರಿ, ರೈಲಿನಲ್ಲಿ ಹೋದರೂ ಸರಿ, ಗಡಿಯಿಂದ ತೊಂದರೆಯಿಲ್ಲ. ಹಾಗಾದರೆ ವ್ಯತ್ಯಾಸ ಎಲ್ಲಿದೆ? ಒಂದೊಂದಾಗಿ ನೋಡೋಣ.

ಮೊದಲನೆಯ ಪ್ರಶ್ನೆ: ಎಷ್ಟು ಹೊತ್ತು?

ಕೆಳಗಿನ ಪಟ್ಟಿಯನ್ನು ನೋಡಿರಿ. ಇಲ್ಲಿರುವ ದೂರ ರಸ್ತೆಯದು. ಎಲ್ಲ ಅಂಕಿಗಳೂ ಸುಮಾರು ಲೆಕ್ಕದವು.

ಪ್ಯಾರಿಸ್ – ಸ್ಟ್ರಾಸ್‌ಬರ್ಗ್: 490 ಕಿ.ಮೀ.; ಕಾರಿಗೆ 5 ಗಂಟೆ; ರೈಲಿಗೆ 1 ಗಂಟೆ 45 ನಿಮಿಷ.
ಸ್ಟ್ರಾಸ್‌ಬರ್ಗ್ – ಲೂಸರ್ನ್: 240 ಕಿ.ಮೀ.; ಕಾರಿಗೆ 2 ಗಂಟೆ 45 ನಿಮಿಷ; ರೈಲಿಗೂ ಅಷ್ಟೇ (ಬಾಸೆಲ್ ಎಂಬಲ್ಲಿ ಗಾಡಿ ಬದಲಿಸಬೇಕು).
ಲೂಸರ್ನ್ – ಮಿಲಾನ್: 250 ಕಿ.ಮೀ.; ಕಾರಿಗೆ 3 ಗಂಟೆ 15 ನಿಮಿಷ; ರೈಲಿಗೂ ಅಷ್ಟೇ.
ಮಿಲಾನ್ – ವೆನಿಸ್: 270 ಕಿ.ಮೀ.; ಕಾರಿಗೆ 3 ಗಂಟೆ; ರೈಲಿಗೆ 2 ಗಂಟೆ 30 ನಿಮಿಷ.

ಮೊದಲನೆಯ ಸಾಲನ್ನು ಇನ್ನೊಮ್ಮೆ ಓದಿರಿ. ಅಲ್ಲಿ ರೈಲು ಇಷ್ಟೊಂದು ಬೇಗ ಮುಟ್ಟುವುದು ಹೇಗೆ? ನಮ್ಮ ಸೊಲ್ಲಾಪುರದಿಂದ ಮುಂಬಯಿಗೆ 2023ರಲ್ಲಿ ವಂದೇ ಭಾರತ್ ಗಾಡಿ ಆರಂಭವಾಯಿತು. ಅದು 455 ಕಿಲೋಮೀಟರನ್ನು ಸುಮಾರು ಆರೂವರೆ ಗಂಟೆಯಲ್ಲಿ ಕ್ರಮಿಸುತ್ತದೆ. ಪ್ಯಾರಿಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಹಳಿಯ ದೂರವೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಅಲ್ಲಿ ವೇಗದ ರೈಲುಗಳಿಗಾಗಿಯೇ ಹೊಸ ಹಳಿ ಹಾಕಿದ್ದಾರೆ. ಅದರಲ್ಲಿ ಚಿಕ್ಕ ತಿರುವುಗಳಿಲ್ಲ, ಗೇಟುಗಳಿಲ್ಲ, ಸರಕು ಗಾಡಿಗಳ ಅಡ್ಡಿಯಿಲ್ಲ. ಆದ್ದರಿಂದ ಗಾಡಿಯು ಗಂಟೆಗೆ 320 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. 2007ರ ಏಪ್ರಿಲ್‌ನಲ್ಲಿ ಇದೇ ಹಳಿಯ ಮೇಲೆ ಒಂದು ರೈಲು ಪರೀಕ್ಷೆಗಾಗಿ ಓಡಿ ಗಂಟೆಗೆ 574.8 ಕಿಲೋಮೀಟರ್ ವೇಗ ಮುಟ್ಟಿತ್ತು! ಫ್ರಾನ್ಸಿನ ಹೆದ್ದಾರಿಯಲ್ಲಿ ಕಾರಿಗೆ ಇರುವ ವೇಗಮಿತಿ ಗಂಟೆಗೆ 130 ಕಿಲೋಮೀಟರ್; ಮಳೆ ಬಂದಾಗ 110. ಚಾಲಕನು ಎಷ್ಟೇ ಜಾಣನಿದ್ದರೂ ಈ ಓಟದಲ್ಲಿ ರೈಲನ್ನು ಹಿಂದೆ ಹಾಕಲಾರ.

ಆದರೆ ಎರಡನೆಯ ಮತ್ತು ಮೂರನೆಯ ಸಾಲುಗಳಲ್ಲಿ ರೈಲು, ಕಾರು ಎರಡೂ ಸಮ. ಅಂದರೆ, ರೈಲು ಯಾವಾಗಲೂ ಬೇಗ ಎಂದು ಹೇಳುವಂತಿಲ್ಲ. ವೇಗದ ಹಳಿ ಇರುವಲ್ಲಿ ಮಾತ್ರ ಅದು ಬಹಳ ಮುಂದೆ.

ಹೊತ್ತಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಕಾರು ನಾವು ಹೇಳಿದಾಗ ಹೊರಡುತ್ತದೆ. ರೈಲು ತನ್ನ ವೇಳೆಗೆ ಹೊರಡುತ್ತದೆ. ಇದು ಕಾರಿನ ದೊಡ್ಡ ಅನುಕೂಲ. ಆದರೆ ಸ್ವಿಟ್ಜರ್ಲೆಂಡಿನಲ್ಲಿ ಈ ವ್ಯತ್ಯಾಸ ಕಡಿಮೆ. ಅಲ್ಲಿ 1982ರಿಂದ ಒಂದು ಪದ್ಧತಿಯಿದೆ. ಮುಖ್ಯ ಮಾರ್ಗಗಳಲ್ಲಿ ಪ್ರತಿ ಗಂಟೆಗೂ ಅದೇ ನಿಮಿಷಕ್ಕೆ ಗಾಡಿ ಹೊರಡುತ್ತದೆ. ಒಂಬತ್ತು ಗಂಟೆ ಐದು ನಿಮಿಷಕ್ಕೆ ಒಂದು ಗಾಡಿ ಇದ್ದರೆ, ಹತ್ತು ಗಂಟೆ ಐದು ನಿಮಿಷಕ್ಕೆ ಮತ್ತೊಂದು ಇರುತ್ತದೆ. ಅಜ್ಜಿ ನಿಧಾನವಾಗಿ ನಡೆದು ಒಂದು ಗಾಡಿ ತಪ್ಪಿದರೂ ಗಾಬರಿಯಿಲ್ಲ.

ಎರಡನೆಯ ಪ್ರಶ್ನೆ: ಎಷ್ಟು ಹಣ?

ಇಲ್ಲಿ ಒಂದು ಸೂತ್ರವನ್ನು ನೆನಪಿಡಿರಿ: ಕಾರಿನ ಖರ್ಚು ಕಾರಿಗೆ, ರೈಲಿನ ಖರ್ಚು ತಲೆಗೆ. ಕಾರಿನಲ್ಲಿ ಒಬ್ಬರೇ ಕುಳಿತರೂ ಐವರು ಕುಳಿತರೂ ಬಾಡಿಗೆ ಒಂದೇ. ರೈಲಿನಲ್ಲಿ ಒಬ್ಬೊಬ್ಬರಿಗೂ ಟಿಕೀಟು. ಆದ್ದರಿಂದ ಜನ ಹೆಚ್ಚಾದಷ್ಟೂ ಕಾರು ಅಗ್ಗವೆನಿಸುತ್ತದೆ.

ಆದರೆ ಅವಸರದಿಂದ ನಿರ್ಧರಿಸಬೇಡಿರಿ. ಬಾಡಿಗೆಯ ಜೊತೆಗೆ ಬರುವ ಇತರ ಖರ್ಚುಗಳನ್ನೂ ಎಣಿಸಿರಿ. ಪೆಟ್ರೋಲ್ ಅಥವಾ ಡೀಸೆಲ್ ಬೇಕು. ಫ್ರಾನ್ಸ್ ಮತ್ತು ಇಟಲಿಯ ಬಹಳಷ್ಟು ಹೆದ್ದಾರಿಗಳಲ್ಲಿ ಟೋಲ್ ಕಟ್ಟಬೇಕು. ಸ್ವಿಟ್ಜರ್ಲೆಂಡಿನ ಹೆದ್ದಾರಿಯಲ್ಲಿ ಟೋಲ್ ನಾಕೆಗಳ ಬದಲು ಇಡೀ ವರ್ಷಕ್ಕೆ 40 ಫ್ರಾಂಕ್ ಕೊಟ್ಟು ಪರವಾನಿಗೆ ಚೀಟಿ ಪಡೆಯಬೇಕು. ಮೂರೇ ದಿನ ಹೋದರೂ ವರ್ಷದ ಹಣವನ್ನೇ ಕೊಡಬೇಕು. ದೊಡ್ಡ ಊರುಗಳಲ್ಲಿ ಕಾರು ನಿಲ್ಲಿಸಲು ದುಬಾರಿ ಶುಲ್ಕವಿದೆ. ಇನ್ನೊಂದು ಮುಖ್ಯ ಖರ್ಚಿದೆ. ಒಂದು ದೇಶದಲ್ಲಿ ಬಾಡಿಗೆಗೆ ಪಡೆದ ಕಾರನ್ನು ಬೇರೆ ದೇಶದಲ್ಲಿ ಬಿಟ್ಟರೆ, ಕಂಪನಿಯವರು ಅದನ್ನು ಮರಳಿ ತರಲು ಸಾಮಾನ್ಯವಾಗಿ ಹೆಚ್ಚಿನ ಹಣ ಕೇಳುತ್ತಾರೆ. ನಮ್ಮ ಕುಟುಂಬ ಪ್ಯಾರಿಸ್‌ನಲ್ಲಿ ಕಾರು ಪಡೆದು ವೆನಿಸ್‌ನಲ್ಲಿ ಬಿಡಬೇಕಲ್ಲವೇ?

ಇನ್ನು ದಿನಗಳನ್ನು ಎಣಿಸಿರಿ. ಹನ್ನೆರಡು ದಿನಗಳಲ್ಲಿ ಊರಿನಿಂದ ಊರಿಗೆ ಹೋಗುವ ದಿನಗಳು ನಾಲ್ಕು ಮಾತ್ರ. ಉಳಿದ ಎಂಟು ದಿನಗಳಲ್ಲಿ ಬಹುಪಾಲು ಕಾರು ನಿಂತೇ ಇರುತ್ತದೆ. ನಿಂತ ಕಾರಿಗೂ ಬಾಡಿಗೆ ತಪ್ಪದು, ನಿಂತ ಜಾಗಕ್ಕೂ ಶುಲ್ಕ ತಪ್ಪದು.

ರೈಲಿನ ಕಡೆ ನೋಡೋಣ. ಯುರೋಪಿನ ಹೊರಗಿನಿಂದ ಬರುವವರಿಗಾಗಿ 1959ರಿಂದ ಯೂರೇಲ್ ಎಂಬ ಪಾಸು ದೊರೆಯುತ್ತದೆ. ಈ ಒಂದು ಪಾಸಿನಿಂದ ಅನೇಕ ದೇಶಗಳ ರೈಲುಗಳಲ್ಲಿ ಹೋಗಬಹುದು. ದೊಡ್ಡವರೊಬ್ಬರ ಪಾಸಿನೊಂದಿಗೆ 4ರಿಂದ 11 ವರ್ಷದ ಇಬ್ಬರು ಮಕ್ಕಳಿಗೆ ಉಚಿತ ಪಾಸು ಸಿಗುತ್ತದೆ. ಅಣ್ಣನ ವಯಸ್ಸು ಹತ್ತು, ತಂಗಿಯ ವಯಸ್ಸು ಏಳು. ಹಾಗಾದರೆ ಹಣ ಕೊಡಬೇಕಾದುದು ಎಷ್ಟು ಪಾಸುಗಳಿಗೆ? ಮೂರಕ್ಕೆ ಮಾತ್ರ. ಆದರೆ ಫ್ರಾನ್ಸ್ ಮತ್ತು ಇಟಲಿಯ ವೇಗದ ಗಾಡಿಗಳಲ್ಲಿ ಪಾಸು ಇದ್ದರೂ ಆಸನ ಕಾಯ್ದಿರಿಸಲು ಬೇರೆ ಹಣ ಕೊಡಬೇಕು. ಪಾಸಿಲ್ಲದೆ ಬಿಡಿ ಟಿಕೀಟು ಕೊಳ್ಳುವವರೂ ಇದ್ದಾರೆ. ತಿಂಗಳುಗಳ ಮೊದಲೇ ಕೊಂಡರೆ ವೇಗದ ಗಾಡಿಯ ಟಿಕೀಟು ಅಗ್ಗ. ಹೊರಡುವ ದಿನ ಕೊಂಡರೆ ಬಹಳ ದುಬಾರಿ. ನಾಲ್ಕೇ ಸಲ ಗಾಡಿ ಹತ್ತುವವರಿಗೆ ಬಿಡಿ ಟಿಕೀಟೇ ಅಗ್ಗವಾಗಬಹುದು. ಎರಡನ್ನೂ ಕೂಡಿಸಿ ನೋಡಿಯೇ ಕೊಳ್ಳಬೇಕು.

ಮೂರನೆಯ ಪ್ರಶ್ನೆ: ಚಕ್ರ ಹಿಡಿಯುವವರು ಯಾರು?

ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಎಡಗಡೆಯಿಂದ ಹೋಗುತ್ತವೆ. ಫ್ರಾನ್ಸ್, ಸ್ವಿಟ್ಜರ್ಲೆಂಡ್ ಮತ್ತು ಇಟಲಿಗಳಲ್ಲಿ ಬಲಗಡೆಯಿಂದ ಹೋಗುತ್ತವೆ. ಚಾಲಕನ ಆಸನವೂ ಕಾರಿನ ಎಡಭಾಗದಲ್ಲಿರುತ್ತದೆ. ಎಷ್ಟೋ ವರ್ಷಗಳಿಂದ ಕೈಗೆ ರೂಢಿಯಾದುದನ್ನೆಲ್ಲ ತಿರುಗಿಸಿ ಮಾಡಬೇಕು. ಅದಕ್ಕೆ ಮೊದಲು ನಮ್ಮಲ್ಲಿಯ ಆರ್.ಟಿ.ಓ. ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ ಪಡೆದಿರಬೇಕು. ಚಿಕ್ಕ ಮಕ್ಕಳಿಗೆ ಕಾರಿನಲ್ಲಿ ಬೇರೆ ಆಸನ ಬೇಕು. ಸ್ವಿಟ್ಜರ್ಲೆಂಡಿನಲ್ಲಿ 12 ವರ್ಷ ತುಂಬದ, 150 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಕ್ಕಳು ಇಂಥ ಆಸನದಲ್ಲಿಯೇ ಕುಳಿತುಕೊಳ್ಳಬೇಕು. ಎರಡು ಮಕ್ಕಳ ಆಸನ, ಮೂವರು ದೊಡ್ಡವರು, ಐವರ ಪೆಟ್ಟಿಗೆಗಳು! ಚಿಕ್ಕ ಕಾರಿನಲ್ಲಿ ಇವೆಲ್ಲ ಹಿಡಿಸಲಾರವು.

ನಮ್ಮ ಕುಟುಂಬದಲ್ಲಿ ಚಾಲಕರು ಒಬ್ಬರೇ. ಸುಮಾರು 1250 ಕಿಲೋಮೀಟರನ್ನೂ ತಂದೆಯೇ ನಡೆಸಬೇಕು. ಲೂಸರ್ನಿನಿಂದ ಮಿಲಾನಿಗೆ ಹೋಗುವಾಗ ಎರಡೂ ಬದಿಗೆ ಆಲ್ಪ್ಸ್ ಪರ್ವತದ ಹಿಮಶಿಖರಗಳು. ಅಜ್ಜಿ ನೋಡುತ್ತಾರೆ, ಮಕ್ಕಳು ನೋಡುತ್ತಾರೆ. ಚಕ್ರ ಹಿಡಿದ ತಂದೆ ಮಾತ್ರ ಮುಂದಿನ ಕಾರಿನ ಕೆಂಪು ದೀಪವನ್ನು ನೋಡುತ್ತ ಹೋಗಬೇಕು. ಹಣ ಕೂಡಿಟ್ಟವರಿಗೇ ನೋಟವಿಲ್ಲ.

ಇದೇ ದಾರಿಯಲ್ಲಿ ಗೊಥಾರ್ಡ್ ಎಂಬ ಪರ್ವತ ಭಾಗವಿದೆ. ಅದರೊಳಗೆ 1980ರಲ್ಲಿ ತೆರೆದ, ಸುಮಾರು 17 ಕಿಲೋಮೀಟರ್ ಉದ್ದದ ರಸ್ತೆ ಸುರಂಗವಿದೆ. ರಜೆಯ ದಿನಗಳಲ್ಲಿ ಅದರ ಬಾಯಿಯಲ್ಲಿ ಕಾರುಗಳು ಕಿಲೋಮೀಟರುಗಟ್ಟಲೆ ಸಾಲುಗಟ್ಟಿ ನಿಲ್ಲುತ್ತವೆ. ಅದೇ ಪರ್ವತದ ಬುಡದಲ್ಲಿ 2016ರಲ್ಲಿ ರೈಲಿಗಾಗಿ ಇನ್ನೊಂದು ಸುರಂಗ ತೆರೆಯಿತು. ಅದರ ಉದ್ದ 57 ಕಿಲೋಮೀಟರ್. ಜಗತ್ತಿನ ಅತಿ ಉದ್ದದ ರೈಲು ಸುರಂಗ ಇದು. ರೈಲು ಇದನ್ನು ಸುಮಾರು ಇಪ್ಪತ್ತು ನಿಮಿಷಗಳಲ್ಲಿ ದಾಟುತ್ತದೆ.

ರೈಲಿನಲ್ಲಿ ಕಷ್ಟವೇ ಇಲ್ಲವೆಂದು ತಿಳಿಯಬೇಡಿರಿ. ಪೆಟ್ಟಿಗೆಗಳನ್ನು ನಾವೇ ಹೊತ್ತು ಹತ್ತಿಸಬೇಕು. ನಮ್ಮ ಸ್ಟೇಷನ್ನುಗಳಲ್ಲಿರುವಂತೆ ಅಲ್ಲಿ ಸಾಮಾನ್ಯವಾಗಿ ಹಮಾಲರಿರುವುದಿಲ್ಲ. ಫ್ರಾನ್ಸಿನ ಹಲವು ವೇಗದ ಗಾಡಿಗಳಿಗೆ ಎರಡು ಅಂತಸ್ತು. ಅಜ್ಜಿಗಾಗಿ ಕೆಳಗಿನ ಅಂತಸ್ತಿನ ಆಸನವನ್ನೇ ಕೇಳಿ ಪಡೆಯಬೇಕು. ಫ್ರಾನ್ಸ್ ಮತ್ತು ಇಟಲಿಗಳಲ್ಲಿ ಆಗಾಗ ರೈಲು ನೌಕರರ ಮುಷ್ಕರವೂ ಆಗುತ್ತದೆ. ಆ ದಿನ ಗಾಡಿ ರದ್ದಾದರೆ ಇಡೀ ಯೋಜನೆ ಅಲುಗಾಡುತ್ತದೆ.

ನಾಲ್ಕನೆಯ ಪ್ರಶ್ನೆ: ಮುಟ್ಟಿದ ಮೇಲೆ ಏನು?

ಬಹಳ ಜನ ಮರೆಯುವ ಪ್ರಶ್ನೆ ಇದು. ಊರು ಮುಟ್ಟಿದ ಮೇಲೆ ಕಾರು ನಮಗೆ ಸೇವಕನೋ, ಹೊರೆಯೋ?

ವೆನಿಸನ್ನೇ ತೆಗೆದುಕೊಳ್ಳಿರಿ. ಇದು ನೂರಕ್ಕೂ ಹೆಚ್ಚು ಚಿಕ್ಕ ದ್ವೀಪಗಳ ಮೇಲೆ ಕಟ್ಟಿದ ಊರು. ಇಲ್ಲಿ ಬೀದಿಗಳ ಜಾಗದಲ್ಲಿ ಕಾಲುವೆಗಳಿವೆ, ಬಸ್ಸುಗಳ ಜಾಗದಲ್ಲಿ ದೋಣಿಗಳಿವೆ. ಕಾರು ಊರಿನ ಅಂಚಿನವರೆಗೆ ಮಾತ್ರ ಬರಬಹುದು. ಅಲ್ಲಿ ದಿನದ ಲೆಕ್ಕದಲ್ಲಿ ಹಣ ಕೊಟ್ಟು ನಿಲ್ಲಿಸಿ ಒಳಗೆ ಹೋಗಬೇಕು. ಆದರೆ ರೈಲು 1846ರಲ್ಲಿ ಸಮುದ್ರದ ಹಿನ್ನೀರಿನ ಮೇಲೆ ಕಟ್ಟಿದ ಸೇತುವೆ ದಾಟಿ ಊರೊಳಗೇ ಬರುತ್ತದೆ. ನಿಲ್ದಾಣದ ಬಾಗಿಲಿನಿಂದ ಹೊರಬಂದರೆ ಎದುರಿಗೇ ದೊಡ್ಡ ಕಾಲುವೆ, ದೋಣಿಕಟ್ಟೆ!

ಸ್ವಿಟ್ಜರ್ಲೆಂಡಿನಲ್ಲಿ ಜರ್ಮಾಟ್ ಎಂಬ ಪರ್ವತದೂರು ಇದೆ. ಅಲ್ಲಿಗೂ ಪ್ರವಾಸಿಗರು ಕಾರು ಒಯ್ಯುವಂತಿಲ್ಲ. ಐದು ಕಿಲೋಮೀಟರ್ ಹಿಂದೆ ಟೇಶ್ ಎಂಬಲ್ಲಿ ಕಾರು ಬಿಟ್ಟು ರೈಲು ಹತ್ತಬೇಕು. ಇದು ನಿಮಗೆ ಹೊಸದೇನಲ್ಲ. ನಮ್ಮ ಮಹಾರಾಷ್ಟ್ರದ ಮಾಥೇರಾನದಲ್ಲಿಯೂ ಪ್ರವಾಸಿಗರ ಕಾರುಗಳಿಗೆ ಪ್ರವೇಶವಿಲ್ಲ. ದಸ್ತುರಿ ನಾಕೆಯಲ್ಲಿಯೇ ಕಾರು ನಿಲ್ಲಬೇಕು. ನೇರಳದಿಂದ ಅಲ್ಲಿಗೆ 1907ರಿಂದ ಪುಟ್ಟ ರೈಲು ಇದೆ.

ಇಟಲಿಯ ಅನೇಕ ಹಳೆಯ ಊರುಗಳ ನಡುಭಾಗದಲ್ಲಿ ಹೊರಗಿನವರ ಕಾರುಗಳಿಗೆ ನಿರ್ಬಂಧವಿದೆ. ಅಲ್ಲಿ ಕ್ಯಾಮೆರಾಗಳು ಕಾರಿನ ನಂಬರನ್ನು ಹಿಡಿಯುತ್ತವೆ. ಫಲಕ ನೋಡದೆ ಒಳಗೆ ಹೋದವರಿಗೆ ಎಷ್ಟೋ ದಿನಗಳ ನಂತರ ಮನೆಗೆ ದಂಡದ ಪತ್ರ ಬರುತ್ತದೆ.

ಲೂಸರ್ನಿನಲ್ಲಿ ರೈಲು ನಿಲ್ದಾಣದ ಮುಂದೆಯೇ ಸರೋವರದ ದೋಣಿಕಟ್ಟೆ. ಅಲ್ಲಿಂದ ದೋಣಿಯಲ್ಲಿ ವಿಟ್ಸ್‌ನೌ ಎಂಬಲ್ಲಿಗೆ ಹೋದರೆ ರೀಗಿ ಬೆಟ್ಟ ಹತ್ತುವ ಹಲ್ಲುಚಕ್ರದ ರೈಲು ಕಾದಿರುತ್ತದೆ. ಇದು 1871ರಲ್ಲಿ ಆರಂಭವಾಯಿತು. ಯುರೋಪಿನಲ್ಲಿ ಬೆಟ್ಟ ಹತ್ತಿದ ಮೊದಲ ಹಲ್ಲುಚಕ್ರದ ರೈಲು ಇದೇ. ಮೊಣಕಾಲು ನೋಯುವ ಅಜ್ಜಿಯೂ ಬೆಟ್ಟದ ತುದಿಯಲ್ಲಿ ನಿಂತು ಸುತ್ತಲಿನ ಹಿಮಶಿಖರಗಳನ್ನು ನೋಡಬಹುದು.

ಕಾರು ಗೆಲ್ಲುವುದು ಎಲ್ಲಿ?

ಸ್ಟ್ರಾಸ್‌ಬರ್ಗಿನ ಸುತ್ತ ಆಲ್ಸಾಸ್ ಎಂಬ ಪ್ರದೇಶವಿದೆ. ನಮ್ಮ ಜತ್ತ, ಸಾಂಗಲಿ ಕಡೆಯಂತೆ ಅಲ್ಲಿಯೂ ದ್ರಾಕ್ಷಿ ತೋಟಗಳು. ತೋಟಗಳ ನಡುವೆ ಬಣ್ಣ ಬಣ್ಣದ ಹಳೆಯ ಮನೆಗಳ ಹಳ್ಳಿಗಳು. ಮನೆಗಳ ಮೇಲೆ ಕೊಕ್ಕರೆಗಳ ಗೂಡುಗಳು. ರಿಕ್ವೀರ್‌ನಂಥ ಹಳ್ಳಿಗೆ ರೈಲು ನಿಲ್ದಾಣವಿಲ್ಲ. ಬಸ್ಸಿಗಾಗಿ ಕಾಯುತ್ತ ಕುಳಿತರೆ ದಿನಕ್ಕೆ ಒಂದೋ ಎರಡೋ ಹಳ್ಳಿ ನೋಡಬಹುದು. ಕಾರಿದ್ದರೆ ನಾಲ್ಕೈದು ಹಳ್ಳಿಗಳನ್ನು ನೋಡಿ ಸಂಜೆಗೆ ಮರಳಬಹುದು. ಅಜ್ಜಿ ದಣಿದಲ್ಲಿ ನಿಲ್ಲಿಸಬಹುದು. ತಂಗಿ ಕೊಕ್ಕರೆ ಕಂಡಲ್ಲಿ ಇಳಿಯಬಹುದು.

ಯಾರಾದರೂ ಇಂಥ ಹಳ್ಳಿಗಳನ್ನೇ ನೋಡುತ್ತ ಹತ್ತು ದಿನ ತಿರುಗುವುದಾದರೆ, ಜೊತೆಗೆ ನಾಲ್ಕೈದು ಜನರಿದ್ದು ಅವರಲ್ಲಿ ಇಬ್ಬರಿಗೆ ಚಾಲನೆ ಬರುತ್ತಿದ್ದರೆ, ಅವರಿಗೆ ಕಾರೇ ಸರಿ. ದಾರಿ ಬದಲಾದರೆ ಉತ್ತರವೂ ಬದಲಾಗುತ್ತದೆ.

ಗಾಳಿಯ ಲೆಕ್ಕವನ್ನೂ ಮರೆಯಬಾರದು. ಸ್ವಿಟ್ಜರ್ಲೆಂಡಿನ ರೈಲುಗಳು ಬಹುಪಾಲು ಜಲವಿದ್ಯುತ್ತಿನಿಂದ ಓಡುತ್ತವೆ. ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ ಹೊಗೆಯ ಪಾಲೆಲ್ಲ ಅವರೊಬ್ಬರದೇ. ಐವರು ಕುಳಿತರೆ ಆ ಪಾಲು ಹಂಚಿಹೋಗುತ್ತದೆ. ಆದರೂ ವಿದ್ಯುತ್ ರೈಲಿನಷ್ಟು ಕಡಿಮೆಯಾಗುವುದಿಲ್ಲ.

ಹಾಗಾದರೆ ನಿರ್ಧಾರ?

ಕಾರು ಮತ್ತು ರೈಲುಗಳಲ್ಲಿ ಒಂದನ್ನೇ ಆರಿಸಿ ಇನ್ನೊಂದನ್ನು ಬಿಡಬೇಕೆಂಬ ನಿಯಮವೇನೂ ಇಲ್ಲ. ಇಡೀ ಪ್ರವಾಸಕ್ಕೆ ಒಂದೇ ಉತ್ತರ ಹುಡುಕುವ ಬದಲು ಒಂದೊಂದು ದಿನಕ್ಕೂ ಉತ್ತರ ಹುಡುಕಿರಿ. ಊರಿನಿಂದ ಊರಿಗೆ ಹೋಗುವ ನಾಲ್ಕು ದಿನ ರೈಲು. ಸ್ಟ್ರಾಸ್‌ಬರ್ಗಿನಲ್ಲಿ ಹಳ್ಳಿಗಳನ್ನು ನೋಡುವ ಒಂದು ದಿನ ಬಾಡಿಗೆ ಕಾರು. ಅಲ್ಲಿಯೇ ಪಡೆದು ಅಲ್ಲಿಯೇ ಮರಳಿಸುವುದರಿಂದ ಬೇರೆ ದೇಶದಲ್ಲಿ ಬಿಡುವ ಶುಲ್ಕವಿಲ್ಲ. ತಂದೆಯೂ ಒಂದೇ ದಿನ, ಹಗಲಿನಲ್ಲಿ, ಹಳ್ಳಿಯ ರಸ್ತೆಯಲ್ಲಿ ನಿಧಾನವಾಗಿ ನಡೆಸುತ್ತಾರೆ. ಉಳಿದ ಹನ್ನೊಂದು ದಿನ ಅವರೂ ಕಿಟಕಿಯ ಬದಿಗೆ ಕುಳಿತುಕೊಳ್ಳುತ್ತಾರೆ. ಐವರು ಹೊರಟ ಪ್ರವಾಸದಲ್ಲಿ ಐವರಿಗೂ ರಜೆ ಸಿಗಬೇಕಲ್ಲವೇ?

ಮಕ್ಕಳೇ, ಯುರೋಪ ಬಹಳ ದೂರವಿರಬಹುದು. ಆದರೆ ಈ ನಾಲ್ಕು ಪ್ರಶ್ನೆಗಳು ದೂರವಿಲ್ಲ. ಅಕ್ಕಲಕೋಟದಿಂದ ಪಂಢರಪುರಕ್ಕೆ ಹೊರಟರೂ, ಜತ್ತದಿಂದ ಕೊಂಕಣಕ್ಕೆ ಹೊರಟರೂ ಅವನ್ನೇ ಕೇಳಬಹುದು. ಮುಂದಿನ ಸಲ ಮನೆಯಲ್ಲಿ ಪ್ರವಾಸದ ಮಾತು ಬಂದಾಗ ಪೆನ್ಸಿಲ್ಲು, ಕಾಗದ ಹಿಡಿದು ಹಿರಿಯರ ನಡುವೆ ಕುಳಿತುಕೊಳ್ಳಿರಿ.

ಶಬ್ದಾರ್ಥ

ಕ್ರಮಿಸು – ದಾರಿ ಸಾಗು
ಒಪ್ಪಂದ – ಕರಾರು
ತಪಾಸಣೆ – ಪರೀಕ್ಷಿಸಿ ನೋಡುವುದು
ಕಾಯ್ದಿರಿಸು – ಮೊದಲೇ ಗೊತ್ತುಮಾಡಿ ಇಡು
ಮುಷ್ಕರ – ಬೇಡಿಕೆಗಾಗಿ ಕೆಲಸ ನಿಲ್ಲಿಸುವುದು
ನಿರ್ಬಂಧ – ತಡೆ
ಹಲ್ಲುಚಕ್ರದ ರೈಲು – ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಚಕ್ರದಿಂದ ಹಿಡಿದು ಏರುವ ರೈಲು

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರ ಬರೆಯಿರಿ.
1. ಕುಟುಂಬದವರು ಎಷ್ಟು ದಿನಗಳ ಪ್ರವಾಸಕ್ಕೆ ಹೊರಟಿದ್ದಾರೆ?
2. ಗೊಥಾರ್ಡ್ ರೈಲು ಸುರಂಗದ ಉದ್ದವೆಷ್ಟು?
3. ಕಾರುಗಳಿಗೆ ಪ್ರವೇಶವಿಲ್ಲದ ಮಹಾರಾಷ್ಟ್ರದ ಗಿರಿಧಾಮ ಯಾವುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
1. ಪ್ಯಾರಿಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ರೈಲು ಬೇಗ ಮುಟ್ಟಲು ಕಾರಣಗಳೇನು?
2. ‘ಕಾರಿನ ಖರ್ಚು ಕಾರಿಗೆ, ರೈಲಿನ ಖರ್ಚು ತಲೆಗೆ’ – ಈ ಮಾತಿನ ಅರ್ಥವೇನು?
3. ವೆನಿಸಿನಲ್ಲಿ ಕಾರು ಹೊರೆಯಾಗುವುದೇಕೆ?

ಇ) ಲೆಕ್ಕ ಮಾಡಿರಿ.
1. ಪಾಠದಲ್ಲಿಯ ಪಟ್ಟಿಯಿಂದ ಕಾರಿಗೆ ಬೇಕಾಗುವ ಒಟ್ಟು ಹೊತ್ತನ್ನೂ ರೈಲಿಗೆ ಬೇಕಾಗುವ ಒಟ್ಟು ಹೊತ್ತನ್ನೂ ಕೂಡಿಸಿರಿ. ಎಷ್ಟು ವ್ಯತ್ಯಾಸ ಬಂದಿತು?
2. ಅಣ್ಣನ ವಯಸ್ಸು 13 ಆಗಿದ್ದರೆ ಹಣ ಕೊಡಬೇಕಾದ ಪಾಸುಗಳು ಎಷ್ಟಾಗುತ್ತಿದ್ದವು?

ಈ) ವಿಚಾರ ಮಾಡಿ ಹೇಳಿರಿ.
ತಾಯಿಗೂ ಕಾರು ನಡೆಸಲು ಬರುತ್ತಿದ್ದರೆ ನಿಮ್ಮ ನಿರ್ಧಾರ ಬದಲಾಗುತ್ತಿತ್ತೇ? ಏಕೆ?

ಉಪಕ್ರಮ
ನಿಮ್ಮ ಊರಿನಿಂದ ಮೂರು ಸ್ಥಳಗಳನ್ನು ನೋಡಿ ಬರುವ ಎರಡು ದಿನಗಳ ಪ್ರವಾಸವನ್ನು ಯೋಜಿಸಿರಿ. ಎಸ್.ಟಿ. ಬಸ್ಸು, ರೈಲು ಮತ್ತು ಬಾಡಿಗೆ ಜೀಪಿನ ಖರ್ಚು, ಹೊತ್ತುಗಳನ್ನು ಹಿರಿಯರಿಂದ ಕೇಳಿ ತಿಳಿದು ಪಟ್ಟಿ ಮಾಡಿರಿ. ನಿಮ್ಮ ನಿರ್ಧಾರವನ್ನು ಕಾರಣಗಳೊಂದಿಗೆ ವರ್ಗದಲ್ಲಿ ಹೇಳಿರಿ.